ಮುಂದೇನಾತ್ರಿ ಸರ?

ಮಸ್ಕಿಯ ಅಶೋಕನ ಶಾಸನ ಯಾವ ವರ್ಷ ಸಿಕ್ಕಿತು ಎಂದು ನನ್ನ ತರಗತಿಯಲ್ಲಿ ಕೇಳಿದರೆ ನಾಲ್ಕೈದು ಕೈ ಒಟ್ಟಿಗೇ ಮೇಲೇಳುತ್ತಿದ್ದವು. 1915. ಕಂಡುಹಿಡಿದವರು ಯಾರು? ಸಿ. ಬೀಡನ್, ಬಂಗಾರದ ಗಣಿಯ ಎಂಜಿನಿಯರ್. ವಿಶೇಷವೇನು? ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಅದರಲ್ಲಿದೆ. ಮೂರಕ್ಕೂ ಪೂರ್ತಿ ಅಂಕ. ಅಲ್ಲಿಗೆ ಮಾತು ಮುಗಿಯಿತು. ನಮ್ಮ ಊರು ಸಂತೆಕಲ್ಲೂರಿನಿಂದ ಮಸ್ಕಿ ಏನು ಪರದೇಶವಲ್ಲ, ಆ ಗುಡ್ಡವನ್ನು ಬಸ್ಸಿನ ಕಿಟಕಿಯಿಂದ ನೋಡದ ಮಗು ನಮ್ಮಲ್ಲಿ ಕಡಿಮೆ. ಆದರೂ ಆ ಬಂಡೆಯ ಹತ್ತಿರ ಆಗ ಯಾರಿದ್ದರು, ಅದನ್ನು ಯಾರು ಓದುತ್ತಿದ್ದರು, ಓದಲು ಬಾರದವರು ಏನು ಮಾಡುತ್ತಿದ್ದರು ಎಂದು ಒಂದು ಮಗುವೂ ಕೇಳುತ್ತಿರಲಿಲ್ಲ. ಪುಸ್ತಕದಲ್ಲಿ ಆ ಪ್ರಶ್ನೆ ಇರಲಿಲ್ಲವಲ್ಲ.

ಪಠ್ಯಪುಸ್ತಕದ ಪ್ರತಿ ಪಾಠದ ಬಾಲಕ್ಕೂ ಒಂದು ‘ಅಭ್ಯಾಸ’ ಇರುತ್ತದೆ. ಒಂದು ವಾಕ್ಯದಲ್ಲಿ ಉತ್ತರಿಸಿರಿ, ಬಿಟ್ಟ ಸ್ಥಳ ತುಂಬಿರಿ, ಹೊಂದಿಸಿ ಬರೆಯಿರಿ. ನಾನು ಅದರ ವೈರಿಯೇನಲ್ಲ, ಸಂಬಳ ತಿಂದದ್ದೇ ಅದನ್ನು ಮಾಡಿಸಿ. ಆದರೆ ಓದಿದ್ದಕ್ಕೆಲ್ಲ ಕಡೆಗೊಂದು ಪ್ರಶ್ನೆ ಕಾದಿರುತ್ತದೆ ಎಂದು ಒಮ್ಮೆ ಗೊತ್ತಾದ ಮಗು ಆಮೇಲೆ ಓದುವುದಿಲ್ಲ, ಉತ್ತರ ಹುಡುಕುತ್ತದೆ. ನಮ್ಮ ಹುಡುಗರು ಪಾಠ ಶುರು ಮಾಡುವ ಮೊದಲೇ ಕೊನೆಯ ಪುಟ ತಿರುವಿ, ಪ್ರಶ್ನೆ ನೋಡಿಕೊಂಡು, ಹಿಂದಕ್ಕೆ ಬಂದು ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದುಬಿಡುತ್ತಿದ್ದರು. ಇಂಥವರ ಕೈಗೆ ನೂರು ಪುಟದ ಕತೆ ಪುಸ್ತಕ ಕೊಟ್ಟರೆ ಅವರಿಗೆ ಕಾಣುವುದು ನೂರು ಪುಟದ ಕತೆಯಲ್ಲ, ನೂರು ಪುಟದಷ್ಟು ಪ್ರಶ್ನೆ.

ಕೊಡುವ ಪುಸ್ತಕವಾದರೂ ಎಲ್ಲಿತ್ತು? ನೌಕರಿಗೆ ಸೇರಿದ ಹೊಸದರಲ್ಲಿ ನಾನಿದ್ದ ಒಂದು ಶಾಲೆಯಲ್ಲಿ ಹಸಿರು ಬಣ್ಣದ ತಗಡಿನ ಬೀರು ಇತ್ತು. ಆಪರೇಷನ್ ಬ್ಲ್ಯಾಕ್‌ಬೋರ್ಡ್ ಕಾಲದಲ್ಲಿ ಬಂದ ಪುಸ್ತಕಗಳು, ಆಮೇಲೆ ಸರ್ವ ಶಿಕ್ಷಣ ಅಭಿಯಾನದ ಅನುದಾನದಲ್ಲಿ ಕೊಂಡವು, ಎಲ್ಲ ಅದರೊಳಗೆ. ಬೀಗದ ಕೈ ಮುಖ್ಯ ಗುರುಗಳ ಉಡಿದಾರದಲ್ಲಿ. ಮಕ್ಕಳಿಗೆ ಕೊಡೋಣವೇ ಎಂದು ಕೇಳಿದರೆ, “ಹರಿದ್ರ ನಾ ಭರ್ತಿ ಮಾಡಬೇಕ್ರಿ, ಸ್ಟಾಕ್ ರಿಜಿಸ್ಟರ್‌ನ್ಯಾಗ ಲೆಕ್ಕ ಐತಿ” ಅಂದರು. ಅವರ ಹೆದರಿಕೆ ಸುಳ್ಳಲ್ಲ. ಪುಸ್ತಕ ಓದಿಸಲಿಲ್ಲ ಎಂದು ಯಾವ ಮಾಸ್ತರನಿಗೂ ನೋಟಿಸು ಬಂದದ್ದಿಲ್ಲ, ಕಳೆದರೆ ಬರುತ್ತದೆ. ಆ ಬೀರನ್ನು ಕಡೆಗೂ ಪೂರ್ತಿ ಓದಿದ್ದು ಒರಲೆ.

ನನಗೆ ಕತೆಯ ಹುಚ್ಚು ಹತ್ತಿದ್ದೂ ಶಾಲೆಯಲ್ಲಲ್ಲ, ಶ್ರಾವಣದ ಪುರಾಣದಲ್ಲಿ. ನಮ್ಮ ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಶ್ರಾವಣ ಬಂತೆಂದರೆ ಮಠದಲ್ಲೋ ಗುಡಿಯಲ್ಲೋ ‘ಪುರಾಣ ಹಚ್ಚುತ್ತಾರೆ’. ಬಸವ ಪುರಾಣ, ಕಲಬುರ್ಗಿಯ ಶರಣಬಸವೇಶ್ವರರ ಪುರಾಣ, ಹೀಗೆ ವರ್ಷಕ್ಕೊಂದು. ರಾತ್ರಿ ಊಟ ಮುಗಿಸಿ, ಬಗಲಲ್ಲಿ ಚಾಪೆ ಸುತ್ತಿಕೊಂಡು ಊರಿಗೆ ಊರೇ ಹೋಗುತ್ತಿತ್ತು. ಗವಾಯಿಗಳು ಪದ್ಯ ಹಾಡುವರು, ಹಾರ್ಮೋನಿಯಂ ತಬಲಾ ಜೊತೆಗೆ. ಅವರಲ್ಲಿ ಹಲವರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು, ಕಣ್ಣಿಲ್ಲದವರೂ ಇರುತ್ತಿದ್ದರು. ಹಾಡು ಮುಗಿದ ಮೇಲೆ ಶಾಸ್ತ್ರಿಗಳು ಅರ್ಥ ಬಿಡಿಸುವರು. ನಡುನಡುವೆ ಊರಿನ ಗೌಡರ ಎತ್ತು, ಸಿಂಧನೂರಿನ ಪೇಟೆಯ ಭತ್ತದ ದರ, ಅತ್ತೆ ಸೊಸೆಯ ಜಗಳ ಎಲ್ಲ ಬಂದು ಹೋಗುವುದು. ಇನ್ನೇನು ಕತೆಯಲ್ಲಿ ಗಂಡಾಂತರ ಬಂತು ಅನ್ನುವಾಗ ಶಾಸ್ತ್ರಿಗಳು ಕನ್ನಡಕ ತೆಗೆದು, ಪುಸ್ತಕಕ್ಕೆ ಬಟ್ಟೆ ಸುತ್ತಿ, ಮಂಗಳಾರತಿಗೆ ಕೈ ಮಾಡಿಬಿಡುವರು. ಮರುದಿನ ಹತ್ತಿ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರ ಸಾಲಿನಲ್ಲಿ ಇಡೀ ದಿನ ಅದೇ ವಾದ: ಅವನು ಬದುಕುತ್ತಾನೋ ಇಲ್ಲವೋ. ಅಕ್ಷರ ಬಾರದ ನನ್ನ ಅವ್ವ ಒಂದು ತಿಂಗಳ ಕತೆಯನ್ನು ಎಳೆ ತಪ್ಪದಂತೆ ಹಿಡಿದುಕೊಂಡಿರುತ್ತಿದ್ದಳು. ಪುರಾಣ ಮಂಗಲವಾದ ಮರುದಿನ ಅವಳಿಗೆ ಸಂಜೆ ಹೋಗುತ್ತಲೇ ಇರಲಿಲ್ಲ.

ಉದ್ದನೆಯ ಕತೆಗೆ ನಮ್ಮ ಜನ ಒಗ್ಗುವುದಿಲ್ಲ, ಮೊಬೈಲು ಬಂದ ಮೇಲೆ ಯಾರಿಗೂ ತಾಳ್ಮೆ ಇಲ್ಲ ಅನ್ನುವ ಮಾತನ್ನು ನಾನು ಒಪ್ಪದಿರಲು ಇದೇ ಕಾರಣ. ಪುಸ್ತಕ ಎನ್ನುವುದೂ ಈ ಊರಿಗೆ ಹೊಸದಲ್ಲ. ಸಂತೆಕಲ್ಲೂರಿನ ಘನಮಠದ ನಾಗಭೂಷಣ ಶಿವಯೋಗಿಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಒಕ್ಕಲುತನದ ಮೇಲೆ ‘ಕೃಷಿಜ್ಞಾನ ಪ್ರದೀಪಿಕೆ’ ಬರೆದವರು. ಮಠದ ಸ್ವಾಮಿ ಕೂತು ಬಿತ್ತನೆ, ಗೊಬ್ಬರ, ಎತ್ತುಗಳ ಬಗ್ಗೆ ಪುಸ್ತಕ ಬರೆದ ಊರು ಕರ್ನಾಟಕದಲ್ಲಿ ಎಷ್ಟಿವೆಯೋ! ಇದನ್ನು ನಾವು ಮಕ್ಕಳಿಗೆ ಹೇಳಿಕೊಡುವುದು ಹೇಗೆ ಗೊತ್ತೇ? ‘ಕೃಷಿಜ್ಞಾನ ಪ್ರದೀಪಿಕೆ ಬರೆದವರು ಡ್ಯಾಶ್’.

ನನಗೆ ಕತೆ ಸಿಗುತ್ತಿದ್ದ ಇನ್ನೊಂದು ಜಾಗ ಕಟಿಂಗ್ ಅಂಗಡಿ. ಅಲ್ಲಿ ಹಳೆಯ ‘ಚಂದಮಾಮ’ಗಳಿರುತ್ತಿದ್ದವು, ರಟ್ಟು ಕಿತ್ತು ಹೋದವು. ಬೇತಾಳನ ಕತೆ ಒಂದೇ ಸಂಚಿಕೆಗೆ ಮುಗಿಯುತ್ತಿತ್ತು. ಧಾರಾವಾಹಿ ಮಾತ್ರ ಮುಂದಿನ ತಿಂಗಳಿಗೆ ಹೋಗುತ್ತಿತ್ತು, ಮುಂದಿನ ತಿಂಗಳಿನದು ಅಂಗಡಿಯಲ್ಲಿ ಇದ್ದರೆ ಪುಣ್ಯ. ತಲೆಗೂದಲು ಬೆಳೆಯದಿದ್ದರೂ ಹೋಗಿ ಕೂರುತ್ತಿದ್ದೆವು. ಅಂಗಡಿಯವನು ಬೈಯುತ್ತಿದ್ದ, ಎಬ್ಬಿಸುತ್ತಿರಲಿಲ್ಲ. ಓದಿದ ಮೇಲೆ ಏನು ತಿಳಿದುಕೊಂಡಿರಿ ಎಂದು ಅವನೂ ಕೇಳಲಿಲ್ಲ, ಶಾಸ್ತ್ರಿಗಳೂ ಕೇಳಿರಲಿಲ್ಲ.

ಇದೆಲ್ಲ ನನ್ನ ತಲೆಯಲ್ಲಿ ಬೇರೆ ಬೇರೆಯಾಗಿಯೇ ಬಿದ್ದಿತ್ತು. ಒಂದಕ್ಕೊಂದು ಹೊಂದಿಕೊಂಡದ್ದು 2020ರ ಶ್ರಾವಣದಲ್ಲಿ.

ಆ ವರ್ಷ ನಮ್ಮ ಕಡೆ ಮನೆಗಳೆಲ್ಲ ತುಂಬಿದ್ದವು. ಬೆಂಗಳೂರಿಗೆ ಗುಳೆ ಹೋಗಿದ್ದವರು ಲಾಕ್‌ಡೌನ್ ಏಟಿಗೆ ಗಂಟುಮೂಟೆ ಕಟ್ಟಿಕೊಂಡು ಮೇ ತಿಂಗಳಲ್ಲಿ ಸರ್ಕಾರಿ ಬಸ್ಸುಗಳಲ್ಲಿ ವಾಪಸು ಬಂದಿದ್ದರು. ಎರಡನೆಯ ತರಗತಿಯಲ್ಲಿ ಹಾಜರಿ ಪುಸ್ತಕದಲ್ಲಷ್ಟೇ ಇದ್ದ ಮಕ್ಕಳನ್ನು ನಾನು ಮೊದಲ ಸಲ ಕಣ್ಣಾರೆ ಕಂಡದ್ದು ಆಗಲೇ. ಶಾಲೆಗೆ ಬೀಗ. ಆಗಸ್ಟ್‌ನಲ್ಲಿ ಸರ್ಕಾರ ‘ವಿದ್ಯಾಗಮ’ ತಂದಿತು: ಶಾಲೆಗೆ ಮಕ್ಕಳು ಬರುವಂತಿಲ್ಲವಾದರೆ ಮಾಸ್ತರರೇ ಓಣಿಗೆ ಹೋಗಬೇಕು, ಗುಡಿ, ಸಮುದಾಯ ಭವನ, ಮರದ ನೆರಳು, ಎಲ್ಲಿ ಜಾಗವಿದೆಯೋ ಅಲ್ಲಿ ಮಕ್ಕಳನ್ನು ದೂರ ದೂರ ಕೂರಿಸಿ ಕಲಿಸಬೇಕು. ನನಗೆ ಸಿಕ್ಕಿದ್ದು ಒಂದು ಗುಡಿಯ ಪಡಸಾಲೆ. ಅದೇ ಜಾಗದಲ್ಲಿ ಆ ವರ್ಷ ಪುರಾಣ ಹಚ್ಚಿರಲಿಲ್ಲ, ಜನ ಸೇರುವಂತಿರಲಿಲ್ಲ.

ಒಂದರಿಂದ ಐದರವರೆಗೆ ಎಲ್ಲ ವಯಸ್ಸಿನ ಮಕ್ಕಳು ಒಂದೇ ಕಡೆ. ಕೆಲವರಿಗೆ ಕಾಗುಣಿತವೇ ಮರೆತುಹೋಗಿತ್ತು, ಕೆಲವರಿಗೆ ಮೊದಲೇ ಬರುತ್ತಿರಲಿಲ್ಲ. ಎಲ್ಲರಿಗೂ ಒಂದೇ ಪಾಠ ಮಾಡುವುದು ಆಗದ ಮಾತು. ನನ್ನ ಬಳಿ ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡದಲ್ಲಿ ತಂದ ‘ತೊತ್ತೋ-ಚಾನ್’ ಇತ್ತು. ಜಪಾನಿನ ತೆತ್ಸುಕೋ ಕುರೊಯಾನಾಗಿ ತಾನು ಓದಿದ ಶಾಲೆಯ ಬಗ್ಗೆ 1981ರಲ್ಲಿ ಬರೆದ ಪುಸ್ತಕ. ಶಿಕ್ಷಕರ ತರಬೇತಿಗಳಲ್ಲಿ ಅದನ್ನು ನಮಗೆ ಬುದ್ಧಿ ಹೇಳಲು ಬಳಸುತ್ತಾರೆ, ಹಾಗಾಗಿ ಬಹಳ ಮಂದಿ ಮಾಸ್ತರರಿಗೆ ಅದರ ಹೆಸರು ಕೇಳಿದರೇ ಆಕಳಿಕೆ. ನನಗೆ ಹಿಡಿಸಿದ್ದು ಬೇರೆ ಕಾರಣಕ್ಕೆ. ಅದರ ಅಧ್ಯಾಯಗಳು ಚಿಕ್ಕವು, ಎರಡು ಮೂರು ಪುಟ. ದಿನಕ್ಕೊಂದು ಓದಬಹುದು.

ಓದಲು ಕುಳಿತೆ. ಮೊದಲ ದಿನವೇ ಗದ್ದಲ. ಅಲ್ಲಿ ಶಾಲೆಯ ಕೋಣೆಗಳೇ ಹಳೆಯ ರೈಲು ಡಬ್ಬಿಗಳು. ನಮ್ಮ ಮಕ್ಕಳಲ್ಲಿ ರೈಲು ನೋಡಿದವರೇ ಇರಲಿಲ್ಲ. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ, ಆಗಿನ್ನೂ ರೈಲೆಂದರೆ ಬೇರೆ ಊರಿಗೆ ಹೋಗಬೇಕಿತ್ತು. ಬೆಂಗಳೂರಿನಿಂದ ಬಂದಿದ್ದ ಒಬ್ಬ ಹುಡುಗ ಮಾತ್ರ ಯಶವಂತಪುರದ ಹಳಿ ಪಕ್ಕದ ಶೆಡ್ಡಿನಲ್ಲಿ ಇದ್ದವನು. ವರ್ಗದಲ್ಲಿ ಬಾಯಿ ಬಿಡದ ಆ ಹುಡುಗ ಅವತ್ತು ಎದ್ದು ನಿಂತು, ಡಬ್ಬಿ ಎಷ್ಟು ಉದ್ದ, ಬಾಗಿಲು ಎಲ್ಲಿ, ಒಳಗೆ ಮಲಗುವ ಹಲಗೆ ಹೇಗೆ, ಎಲ್ಲ ಪಡಸಾಲೆಯಲ್ಲಿ ಹೆಜ್ಜೆ ಹಾಕಿ ಅಳೆದು ತೋರಿಸಿದ. “ಹಂಗಾರ ಸಾಲಿ ಹೊಂಟಬಿಟ್ರ?” ಎಂದು ಒಬ್ಬಳು ಕೇಳಿದಳು. ಶಾಲೆ ಎಲ್ಲಿಗೆ ಹೊರಡಬಹುದು ಎಂಬ ಚರ್ಚೆಯಲ್ಲೇ ಅವತ್ತಿನ ಹೊತ್ತು ಹೋಯಿತು.

ಹೊಸ ಡಬ್ಬಿ ರಾತ್ರಿ ಹೊತ್ತು ಶಾಲೆಗೆ ಬರುತ್ತದೆ, ಅದನ್ನು ನೋಡಲು ಮಕ್ಕಳೆಲ್ಲ ಶಾಲೆಯಲ್ಲೇ ಮಲಗುತ್ತಾರೆ ಎಂಬ ಭಾಗ ಬಂದಾಗ, ಹಳಿಯಿಲ್ಲದೆ ರೈಲು ಡಬ್ಬಿ ಹೇಗೆ ಬಂತು ಎಂದು ಎಲ್ಲರ ತಲೆಬಿಸಿ. ಟ್ರಾಕ್ಟರ್ ಎಳೆದು ತಂದಿತು ಎಂದು ಓದಿದ್ದೇ ತಡ, ಹುಡುಗರ ಮುಖ ಅರಳಿತು. ಟ್ರಾಕ್ಟರ್ ವಿಷಯದಲ್ಲಿ ನಮ್ಮ ಹುಡುಗರಿಗೆ ಜಪಾನಿನವರೇನು ಹೇಳಿಕೊಡುವುದು!

ಆದರೆ ಇಡೀ ಓಣಿಯನ್ನು ಗೆದ್ದದ್ದು ಪಾಕೀಟಿನ ಕತೆ. ತೊತ್ತೋ-ಚಾನ್‌ಳ ಪ್ರೀತಿಯ ಪಾಕೀಟು ಕಕ್ಕಸಿನ ಗುಂಡಿಗೆ ಬೀಳುತ್ತದೆ. ಅವಳು ಉದ್ದನೆಯ ಹಿಡಿಕೆಯ ಸೌಟು ತಂದು ಗುಂಡಿಯಲ್ಲಿರುವುದನ್ನೆಲ್ಲ ಎತ್ತಿ ಎತ್ತಿ ಹೊರಗೆ ಗುಡ್ಡೆ ಹಾಕುತ್ತಾಳೆ. ನಮ್ಮ ಮಕ್ಕಳು ಮೂಗು ಮುಚ್ಚಿಕೊಂಡು, ಮಾಸ್ಕಿನೊಳಗೆ ಕಿಸಕಿಸ ನಕ್ಕು, ನೆಲಕ್ಕೆ ಉರುಳಿಬಿಟ್ಟರು. ಅಷ್ಟರಲ್ಲಿ ಹೆಡ್‌ಮಾಸ್ತರರು ಆ ಕಡೆ ಬರುತ್ತಾರೆ. ಇಲ್ಲಿ ನಾನು ಪುಸ್ತಕ ಮುಚ್ಚಿದೆ. ಶಾಸ್ತ್ರಿಗಳ ಹಾಗೆ ಕನ್ನಡಕ ತೆಗೆದು ಜೇಬಿಗಿಟ್ಟೆ.

“ಮುಂದೇನಾತ್ರಿ ಸರ?”

“ನಾಳಿಗೆ.”

“ಹೊಡಿತಾರೇನ್ರಿ ಸರ? ಇಷ್ಟು ಹೇಳಿ ಹೋಗ್ರಿ.”

ಹೇಳಲಿಲ್ಲ. ಮರುದಿನ ನಾನು ಸೈಕಲ್ ಮೋಟಾರು ನಿಲ್ಲಿಸುವುದಕ್ಕೆ ಮುಂಚೆ ಪಡಸಾಲೆ ತುಂಬಿತ್ತು. ನೀರು ತರಲು ಹೊರಟ ಇಬ್ಬರು ಹೆಂಗಸರು ಕೊಡ ಕೆಳಗಿಟ್ಟು ಕಂಬಕ್ಕೆ ಆತು ನಿಂತಿದ್ದರು. ಓದಿದೆ: ಹೆಡ್‌ಮಾಸ್ತರರು ಬೈಯಲಿಲ್ಲ, ಹೊಡೆಯಲಿಲ್ಲ, ಎಲ್ಲ ಮುಗಿದ ಮೇಲೆ ಮತ್ತೆ ಗುಂಡಿಗೆ ತುಂಬುತ್ತೀಯಲ್ಲ ಎಂದಷ್ಟೇ ಕೇಳಿ ಹೋದರು. ಮಕ್ಕಳು ನನ್ನ ಮುಖ ನೋಡಿದರು. ಆ ನೋಟದಲ್ಲಿ ಸಾಕಷ್ಟು ಅರ್ಥವಿತ್ತು, ನಾನು ಅದರ ವಿಚಾರಣೆಗೆ ಹೋಗಲಿಲ್ಲ. ಹಿಂದೆ ನಿಂತಿದ್ದ ಮುದುಕಿಯೊಬ್ಬಳು ಮಾತ್ರ ಬಿಡಲಿಲ್ಲ. “ಮಾಸ್ತರ, ಅದೆಲ್ಲ ಇರ್ಲಿ, ಪಾಕೀಟ ಸಿಕ್ತೋ ಇಲ್ಲೋ?”

“ಸಿಗಲಿಲ್ಲ ಯವ್ವಾ.”

“ಹೋತು ಬಿಡು. ರೊಕ್ಕ ಎಷ್ಟಿತ್ತಂತ?”

ಪ್ರಶ್ನೆ ಕೇಳುವ ಹಕ್ಕನ್ನು ನಾನು ಅವರಿಗೇ ಬಿಟ್ಟುಕೊಟ್ಟಿದ್ದೆ, ನಾನು ಒಂದೂ ಕೇಳುತ್ತಿರಲಿಲ್ಲ. ನೀತಿ ಏನು, ಪಾತ್ರಗಳಲ್ಲಿ ನಿನಗೆ ಯಾರು ಇಷ್ಟ, ಹೊಸ ಪದ ಬರೆ, ಯಾವುದೂ ಇಲ್ಲ. ಮೇಲಿನಿಂದ ನೋಡಲು ಬಂದವರೊಬ್ಬರು “ಕಲಿಕಾ ಫಲ ಏನ್ರೀ ಇದರದು?” ಎಂದು ಕೇಳಿದರು. ಫ್ರಾನ್ಸಿನ ದಾನಿಯೆಲ್ ಪೆನಾಕ್ ಎಂಬ ಮಾಸ್ತರ, ಕಾದಂಬರಿಕಾರ ಕೂಡ, 1992ರಲ್ಲಿ ಓದುಗನ ಹಕ್ಕುಗಳು ಎಂದು ಒಂದು ಪಟ್ಟಿಯನ್ನೇ ಮಾಡಿದ್ದಾನೆ: ಓದದೇ ಇರುವ ಹಕ್ಕು, ಪುಟ ಹಾರಿಸುವ ಹಕ್ಕು, ಅರ್ಧಕ್ಕೆ ಬಿಡುವ ಹಕ್ಕು, ಓದಿದ್ದರ ಬಗ್ಗೆ ಸುಮ್ಮನಿರುವ ಹಕ್ಕು. ಅದನ್ನು ಅವರಿಗೆ ಹೇಳಿದ್ದರೆ ನನ್ನ ಇನ್‌ಕ್ರಿಮೆಂಟಿಗೇ ಕುತ್ತು. ಆಲಿಸುವ ಕೌಶಲ್ಯ ಸಾರ್ ಅಂದೆ. ಬರೆದುಕೊಂಡು ಹೋದರು.

ಮೊದಲು ಅಕ್ಷರ ಗಟ್ಟಿಯಾಗಲಿ, ಆಮೇಲೆ ಕತೆ ಪುಸ್ತಕ ಎನ್ನುವ ವಾದ ನಮ್ಮ ಶಿಕ್ಷಕರ ಕೋಣೆಯಲ್ಲಿ ಬಹಳ ಗಟ್ಟಿ. ನಲಿ-ಕಲಿಯ ಮೆಟ್ಟಿಲು ಹತ್ತಿ ಮುಗಿಯುವವರೆಗೆ, ಅಂದರೆ ಮೂರನೆಯ ತರಗತಿಯವರೆಗೆ, ಮಗುವಿಗೆ ಬಿಡಿ ಕಾರ್ಡುಗಳೇ ಗತಿ. ಆ ಕಾರ್ಡುಗಳ ಬಗ್ಗೆ ನನಗೆ ಗೌರವವಿದೆ. ಆದರೆ ಅಕ್ಷರ ಗಟ್ಟಿಯಾಗುವುದಾದರೂ ಯಾವ ಆಸೆಗೆ? ನನ್ನ ಅವ್ವ ಅಕ್ಷರಕ್ಕೆ ಕಾಯದೆ ಬಸವ ಪುರಾಣ ಕೇಳಿದಳು. ಕಿವಿಗೆ ಕಾಗುಣಿತ ಬೇಕಿಲ್ಲ. ಆ ಪಡಸಾಲೆಯಲ್ಲಿ ಒತ್ತಕ್ಷರ ಬಂದರೆ ತಡವರಿಸುತ್ತಿದ್ದ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು, ನಾನು ಚಹಾ ಕುಡಿಯಲು ಎದ್ದು ಹೋದಾಗ ಪುಸ್ತಕ ತೆಗೆದು ಮುಂದಿನ ಅಧ್ಯಾಯದ ಮೇಲೆ ಬೆರಳಿಟ್ಟು ಕೂಡಿಸಿ ಕೂಡಿಸಿ ಓದುತ್ತಿದ್ದಳು. ಅರ್ಧ ಪುಟ ದಾಟಿದ್ದಳು. ಸುತ್ತ ಏಳೆಂಟು ತಲೆ. ಅವಳು ಸರಿಯಾಗಿ ಓದದಿದ್ದರೆ ಬೈಯುತ್ತಿದ್ದವರೂ ಅವರೇ, ಒತ್ತಕ್ಷರ ಬಿಡಿಸಿ ಹೇಳುತ್ತಿದ್ದವರೂ ಅವರೇ. ನಾನು ಇನ್ನೊಂದು ಚಹಾ ಹೇಳಿದೆ.

ಅಕ್ಟೋಬರ್ ನಡುವೆ ಸೋಂಕಿನ ಸುದ್ದಿಗಳು ಹೆಚ್ಚಿ ವಿದ್ಯಾಗಮ ನಿಂತಿತು. ಪುಸ್ತಕ ಇನ್ನೂ ಮುಗಿದಿರಲಿಲ್ಲ. ಐದರವರೆಗಿನ ಮಕ್ಕಳಿಗೆ ಶಾಲೆ ತೆರೆದದ್ದು ಮರುವರ್ಷದ ಅಕ್ಟೋಬರ್ 25ಕ್ಕೆ. ಅದಕ್ಕೆ ಎಷ್ಟೋ ಮೊದಲೇ, 2020ರ ದೀಪಾವಳಿ ದಾಟುತ್ತಲೇ, ಗುಳೆ ಮತ್ತೆ ಶುರುವಾಗಿತ್ತು. ಊರಲ್ಲಿ ಉಳಿದವರಿಗೆ ಹತ್ತಿ ಬಿಡಿಸುವ ಸುಗ್ಗಿ. ಬೆಳಗಾದರೆ ಟಂಟಂ ಗಾಡಿಗಳಲ್ಲಿ ಅವ್ವಂದಿರ ಜೊತೆ ಮಕ್ಕಳೂ ತುಂಬಿಕೊಂಡು ಹೋಗುತ್ತಿದ್ದರು. ಪುಸ್ತಕವನ್ನು ನಾನು ಓಣಿಯಲ್ಲೇ ಬಿಟ್ಟಿದ್ದೆ, ಅದು ಯಾರ ರಿಜಿಸ್ಟರಿನಲ್ಲೂ ಇರಲಿಲ್ಲ. ಮನೆಯಿಂದ ಮನೆಗೆ ಹೋಯಿತು. ಅದರ ಗತಿ ಆಮೇಲೆ ನನಗೆ ತಿಳಿದದ್ದು ಗುಳೆಯಿಂದ ವಾಪಸು ಬಂದ ಯಶವಂತಪುರದ ಹುಡುಗನಿಂದ. ಅವನು ಇಲ್ಲದಾಗ ಆದ ಕತೆಯನ್ನೆಲ್ಲ ಒತ್ತಕ್ಷರದ ಹುಡುಗಿ ಅವನಿಗೆ ಕೂರಿಸಿ ಹೇಳಿದ್ದಳಂತೆ. ಅವಳ ಕತೆಯಲ್ಲಿ ಯಾಸುಆಕಿ-ಚಾನ್ ಸಾಯುವುದಿಲ್ಲ. ಪೋಲಿಯೋ ಆದ ಆ ಹುಡುಗನನ್ನು ತೊತ್ತೋ-ಚಾನ್ ಮರ ಹತ್ತಿಸುವ ತನಕ ಸರಿಯಾಗಿ ಹೇಳಿ, ಮುಂದಿನದನ್ನು ಅವಳೇ ಕಟ್ಟಿದ್ದಾಳೆ. ಟೋಕಿಯೋದ ಮೇಲೆ ಬಾಂಬು ಬಿದ್ದು 1945ರಲ್ಲಿ ಆ ಶಾಲೆ ಸುಟ್ಟುಹೋದದ್ದನ್ನೂ ಬಿಟ್ಟಿದ್ದಾಳೆ. “ಸುಳ್ಳ್ ಯಾಕ ಹೇಳಿದಿ?” ಎಂದು ಕೇಳಿದರೆ, “ಅವ ಬೆಂಗಳೂರಿಂದ ಈಗರ ಬಂದಾನ್ರಿ ಸರ, ಆಮ್ಯಾಲ ಅವನ ಓದ್ಕೋತಾನ” ಅಂದಳು. ಓದಿಕೊಂಡ. ಓದಿ ಬಂದು ಅವಳೊಡನೆ ಮಾತು ಬಿಟ್ಟ.

ಅದೇ 2020ರ ನವೆಂಬರ್ 14ರಂದು ಗ್ರಾಮೀಣಾಭಿವೃದ್ಧಿ ಇಲಾಖೆ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಶುರು ಮಾಡಿತು. ಹಳ್ಳಿಯ ಗ್ರಂಥಾಲಯಗಳು ಅದರ ಹಿಂದಿನ ವರ್ಷವಷ್ಟೇ ಗ್ರಂಥಾಲಯ ಇಲಾಖೆಯಿಂದ ಪಂಚಾಯಿತಿಗಳ ಕೈಗೆ ಬಂದಿದ್ದವು. ಮಕ್ಕಳಿಗೆ ಸದಸ್ಯತ್ವ ಉಚಿತ. ಅಲ್ಲಿಯವರೆಗೆ ಹಳ್ಳಿಯ ಗ್ರಂಥಾಲಯವೆಂದರೆ ಹಿರಿಯರು ಪೇಪರು ಓದಿ ರಾಜಕೀಯ ಮಾತಾಡುವ ಕೋಣೆ, ಮಕ್ಕಳು ಬಾಗಿಲಲ್ಲಿ ನಿಂತರೆ ‘ಹೋಗ್ರಲೇ’ ಅನ್ನುವ ಜಾಗ. ಈಗ ‘ಅರಿವು ಕೇಂದ್ರ’ ಎಂದು ಬೋರ್ಡು ಬಿದ್ದಿದೆ, ಗೋಡೆಗೆ ಬಣ್ಣ ಬಂದಿದೆ. ಬಣ್ಣಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ಪುಸ್ತಕ ಮನೆಗೆ ಒಯ್ಯಬಹುದು ಎನ್ನುವುದು.

ಒಯ್ಯಲು ಏನಿದೆ ಎನ್ನುವುದು ಬೇರೆ ಪ್ರಶ್ನೆ. ಕನ್ನಡದಲ್ಲಿ ಮೂರು ನಾಲ್ಕನೆಯ ತರಗತಿಯ ಮಗುವಿಗೆ ಚಿತ್ರದ ತೆಳು ಪುಸ್ತಕ ಬೇಕಾದಷ್ಟು ಸಿಗುತ್ತವೆ. ಪ್ರಥಮ್ ಬುಕ್ಸ್‌ನವರು ಕಡಿಮೆ ಬೆಲೆಗೆ ತಂದು ಆ ಕೊರತೆ ತುಂಬಿದರು. ಅದನ್ನು ದಾಟಿದ ಮಗುವಿಗೆ ಮುಂದಿನ ಮೆಟ್ಟಿಲು ಹುಡುಕುವುದೇ ಕಷ್ಟ. ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 2010ರಲ್ಲಿ ಶುರುವಾದದ್ದರಿಂದ ಒಂದು ಉಪಕಾರ ಆಯಿತು, ಮಕ್ಕಳ ಕಾದಂಬರಿ ಎಂಬುದು ಪಟ್ಟಿಯಲ್ಲಿ ಕಣ್ಣಿಗೆ ಬೀಳತೊಡಗಿತು. ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕತೆ’, ನಾ. ಡಿಸೋಜಾ ಅವರ ‘ಮುಳುಗಡೆಯ ಊರಿಗೆ ಬಂದವರು’, ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ ಹೀಗೆ ಒಂದೊಂದಾಗಿ ನಾನು ಕೂಡಿಸಿದೆ. ‘ಓಡಿ ಹೋದ ಹುಡುಗ’ ಎಂಬ ಹೆಸರು ನೋಡಿಯೇ ಹಿಂದಿನ ಬೆಂಚಿನವರು ಕಿತ್ತಾಡಿದರು, ನಾನು ಶಿಫಾರಸು ಮಾಡುವ ಕೆಲಸವೇ ಬೀಳಲಿಲ್ಲ.

ಡಿಸೋಜಾ ಅವರದು ಮಲೆನಾಡು, ಶರಾವತಿಯ ಕಡೆಯ ಕತೆ. ಅಡಿಕೆ, ಮಳೆ, ಕಾಡು ಎಲ್ಲ ಈ ಬಿಸಿಲು ನಾಡಿನ ಮಕ್ಕಳಿಗೆ ಜಪಾನಿನಷ್ಟೇ ದೂರ. ಹಿಡಿಸುವುದೋ ಇಲ್ಲವೋ ಎಂದುಕೊಂಡೇ ಓದತೊಡಗಿದ್ದೆ. ಊರು ಮುಳುಗುವುದು ಎಂಬ ಮಾತು ಬಂದಾಗ ಒಬ್ಬ ಹುಡುಗ ಸುಮ್ಮನಾಗಿ ಕೂತು, ಆಮೇಲೆ ಕೇಳಿದ: “ನಮ್ಮವ್ವ ಭತ್ತದ ನಾಟಿಗೆ ಸಿಂಧನೂರ ಕಡಿ ಹೋಗ್ತಾಳ್ರಿ ಸರ. ಆ ಕಾಲುವಿ ನೀರಿಗೂ ಯಾರದರ ಊರು ಮುಳುಗ್ಯಾವೇನ್ರಿ?” ಮುಳುಗಿವೆ. ಆ ಎಡದಂಡೆ ಕಾಲುವೆಗೆ ನೀರು ಬರುವುದು ತುಂಗಭದ್ರಾ ಅಣೆಕಟ್ಟಿನಿಂದ, ಅಣೆಕಟ್ಟಿನ ಹಿಂದೆ ಎಷ್ಟೋ ಹಳ್ಳಿಗಳು ನೀರಿನಡಿ ಹೋದವು. ಸಮಾಜ ವಿಜ್ಞಾನದ ಪಾಠದಲ್ಲಿ ಆ ಅಣೆಕಟ್ಟನ್ನು ನಾನು ಎಷ್ಟೋ ಸಲ ಕಲಿಸಿದ್ದೇನೆ, ಈ ಪ್ರಶ್ನೆ ಅಲ್ಲಿ ಯಾರಿಂದಲೂ ಬಂದಿರಲಿಲ್ಲ. ಮಸ್ಕಿಯ ಬಂಡೆಯ ವಿಷಯದಲ್ಲೂ ಹೀಗೇ ಹೊಸ ಪ್ರಶ್ನೆ ಬಂತು. ಆ ಕತೆ ಕೇಳಿದ ಹುಡುಗರನ್ನು ಗುಡ್ಡಕ್ಕೆ ಕರೆದೊಯ್ದಾಗ 1915 ಎಂದು ಒಬ್ಬರೂ ಒದರಲಿಲ್ಲ. “ಬೀಡನ್ ಸಾಹೇಬ ಬರೂಮಟ ಕುರಿ ಕಾಯೋರು ಇದರ ಮ್ಯಾಲ ಕುಂತು ಬುತ್ತಿ ಉಣ್ತಿದ್ದರೇನ್ರಿ?” ಎಂದು ಒಬ್ಬ ಕೇಳಿದ. ಉಣ್ಣುತ್ತಿದ್ದಿರಬೇಕು.

ಎಲ್ಲರೂ ಓದುಗರಾದರು ಎಂದು ಹೇಳಿದರೆ ನನ್ನ ಮಕ್ಕಳೇ ನಗುತ್ತಾರೆ. ಕೆಲವರಿಗೆ ಕೇಳುವುದರಲ್ಲಷ್ಟೇ ಖುಷಿ, ಪುಸ್ತಕ ಮುಟ್ಟಲಿಲ್ಲ. ಕೆಲವರಿಗೆ ಅದೂ ಬೇಡ, ಕಿಟಕಿಯಾಚೆ ಕಬಡ್ಡಿ. ಬಿಟ್ಟೆ. ಬಲವಂತದ ಪುರಾಣಕ್ಕೆ ಯಾರೂ ಚಾಪೆ ಹಿಡಿದು ಬರುವುದಿಲ್ಲ. ಒತ್ತಕ್ಷರದ ಹುಡುಗಿ ಈಗ ಹೈಸ್ಕೂಲಿನಲ್ಲಿದ್ದಾಳೆ, ಸಿಕ್ಕಾಗ ಪುಸ್ತಕ ಕೇಳುತ್ತಾಳೆ, ಒಯ್ದದ್ದನ್ನು ತಂದುಕೊಡುವುದಿಲ್ಲ.

ಈ ವರ್ಷ ನಾಲ್ಕನೆಯವರಿಗೆ ‘ಬಾವಲಿ ಗುಹೆ’ ನಡೆಯುತ್ತಿದೆ. ಶನಿವಾರ ಅರ್ಧ ದಿನದ ಶಾಲೆ, ಗಂಟೆ ಹೊಡೆದರೂ ಏಳದೆ ಕೂತಿದ್ದರು. ನಾನೂ ಬೇಕೆಂದೇ ಎಡವಟ್ಟು ಜಾಗದಲ್ಲಿ ನಿಲ್ಲಿಸಿ ಎದ್ದೆ. ಭಾನುವಾರ ಬೆಳಿಗ್ಗೆ ನಾನು ಮುಖ ತೊಳೆಯುತ್ತಿರುವಾಗ ಐದಾರು ಮಂದಿ ಮನೆಯ ಮುಂದೆ. ಹೆಂಡತಿ ಬಾಗಿಲು ತೆರೆದು ಏನು ಬೇಕು ಎಂದು ಕೇಳಿದಳು. “ಸರ್‌ನ ಎಬ್ಬಸ್ರಿ ಅಮ್ಮಾರ. ಅವರು ಓದಂಗಿಲ್ಲಂದ್ರ ಪುಸ್ತಕ ಕೊಡ್ರಿ, ನಾವ ಓದ್ಕೋತೀವಿ” ಅಂದರು. ಅವಳು ಒಳಗೆ ಹೋಗಿ ಪುಸ್ತಕ ತಂದು ಕೊಟ್ಟು ಕಳಿಸಿದಳು. ಸೋಮವಾರ ನಾನು ಓದಲು ಕೂತರೆ ಅವರಿಗೆಲ್ಲ ಕತೆ ಗೊತ್ತು, ಬಾಕಿಯವರಿಗೆ ಹೇಳಬೇಡಿ ಎಂದು ನಾನೇ ಕೈ ಮುಗಿಯಬೇಕಾಯಿತು.